ಏಳನೇ ವಾರ್ಡಿನ ಕಿಂಡಿ

ನಮ್ಮ ವಾರ್ಡಿನ ಮೆಂಬರ್ ಕುಣಾಲನ ಧ್ವನಿ ಮತ್ತು ನಮ್ಮ ಮನೆಯ ಕಸ, ಎರಡೂ ಒಂದೇ ಗಾಡಿಯಲ್ಲಿ ಓಡಾಡುತ್ತವೆ. ಇದು ನಾನು ಮಾಡಿದ ವ್ಯವಸ್ಥೆಯಲ್ಲ, ಅವನೇ ಮಾಡಿಕೊಂಡದ್ದು. ಮೊದಲು ಪುರಸಭೆಯ ಕಸದ ಗಾಡಿ ಸ್ವಚ್ಛತೆಯ ಹಾಡು ಹಾಕಿಕೊಂಡು ಬರುತ್ತಿತ್ತು. ಹಾಡು ಕೇಳಿದ ಕೂಡಲೇ ಹೆಂಗಸರೆಲ್ಲ ಬಕೆಟ್ ಹಿಡಿದು ಬಾಗಿಲಿಗೆ ಬರುವುದನ್ನು ಕುಣಾಲ ನೋಡಿದ. ಕರೆಯದೆ ಇಷ್ಟು ಜನ ಸೇರುವ ಜಾಗ ಅವನಿಗೆ ಬೇರೆಲ್ಲಿ ಸಿಗಬೇಕು? ಹಾಡು ತೆಗೆಸಿ ತನ್ನ ಮಾತು ಹಾಕಿಸಿದ. ಪ್ರತಿ ಸೋಮವಾರ ಹೊಸ ರೆಕಾರ್ಡಿಂಗ್. ಅದಕ್ಕೆ ‘ವಾರ್ಡ್ ಅಪ್‌ಡೇಟ್’ ಎಂದು ಹೆಸರಿಟ್ಟ. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಯಾರಿಗೂ ಒಂದು ಸುಳ್ಳೂ ತಪ್ಪಿಹೋಗಬಾರದು ನೋಡಿ.

"ಮಾತೆಯರೇ, ಬಂಧುಗಳೇ, ನಾನು ನಿಮ್ಮ ಕುಣಾಲ. ಏಳನೇ ವಾರ್ಡ್ ಇಂದು ಇಡೀ ಜಿಲ್ಲೆಗೆ ಮಾದರಿಯಾಗಿದೆ" ಎಂದು ಶುರು. ಗಾಡಿ ಓಡಿಸುವ ಸಂಭಾಜಿ ಆ ಹೊತ್ತಿಗೆ ಗಟಾರದ ಬದಿಗೆ ಗಾಡಿ ನಿಲ್ಲಿಸಿ ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದ. ಗಟಾರ ತುಂಬಿ ರಸ್ತೆಗೆ ಬಂದು ಎರಡು ವರ್ಷವಾಗಿತ್ತು. ಅಪ್‌ಡೇಟಿನಲ್ಲಿ ಕುಣಾಲ ಅದಕ್ಕೆ ‘ಒಳಚರಂಡಿ ಪ್ರಗತಿಪಥದಲ್ಲಿದೆ’ ಎನ್ನುತ್ತಿದ್ದ. ಪ್ರಗತಿ ಎಂದರೆ ಇದೇ ಇರಬೇಕು, ಮೊದಲು ಮೂರು ಮನೆಯ ಮುಂದೆ ಇದ್ದ ರಾಡಿ ಈಗ ಹನ್ನೊಂದು ಮನೆಯ ಮುಂದಿದೆ.

ನಾನು ಅಪೂರ್ವ. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರ್, ಅಂದರೆ ರವಿಕೆ, ಹೊಲಿಯುತ್ತೇನೆ. ನನ್ನ ಮಾತು ಖಾರ ಎಂದು ಗಿರಾಕಿಗಳು ಹೇಳುತ್ತಾರೆ, ಹೊಲಿಗೆ ನೆಟ್ಟಗಿರುವುದರಿಂದ ಸಹಿಸಿಕೊಳ್ಳುತ್ತಾರೆ. ನಮ್ಮದು ದೂಧಗಂಗಾ ದಂಡೆಯ ಸಣ್ಣ ಪಟ್ಟಣ, ಸದಲಗಾದಿಂದ ಸ್ಕೂಟಿಯಲ್ಲಿ ಕಾಲು ಗಂಟೆ. ಊರ ಹೆಸರು ಬೇಡ. ಹೇಳಿದರೆ ಕುಣಾಲ ಅದನ್ನೂ ತನ್ನ ಸಾಧನೆಯ ಪಟ್ಟಿಗೆ ಸೇರಿಸಿಕೊಂಡಾನು.

ಗಟಾರಕ್ಕೆ ನಾನು ಮೂಗು ಮುಚ್ಚಿಕೊಂಡು ಸುಮ್ಮನಿದ್ದೆ. ದೀಪವಿಲ್ಲದ ಕಂಬಕ್ಕೂ ಸುಮ್ಮನಿದ್ದೆ. ನನ್ನ ತಲೆ ಕೆಟ್ಟದ್ದು ಬಾವಿಯ ವಿಷಯಕ್ಕೆ.

ನಮ್ಮ ಮನೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ವಾರ್ಡಿನ ಹಳೆಯ ಬಾವಿ. ನಳ ಬಂದ ಮೇಲೆ ಉಳಿದವರು ಅದನ್ನು ಮರೆತರು, ನನ್ನ ಅತ್ತೆ ಸೋನಾಬಾಯಿ ಮರೆಯಲಿಲ್ಲ. ಮಾವ ತೀರಿಕೊಂಡ ವರ್ಷ ಅವರು ಮುನಿ ಮಹಾರಾಜರ ಮುಂದೆ ಕೈ ಮುಗಿದು ನೇಮ ತೆಗೆದುಕೊಂಡರು: ಜೀವ ಇರುವತನಕ ಬಾವಿಯ ನೀರು ಮಾತ್ರ. ನಳದ್ದು ಬೇಡ, ಬೋರಿನದು ಬೇಡ, ಕ್ಯಾನಿನದು ಹೆಸರೂ ಎತ್ತುವಂತಿಲ್ಲ. ಕೈಯಿಂದ ಸೇದಬೇಕು. ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಗಾಳಿಸಬೇಕು. ಆ ಅರಿವೆಯನ್ನು ಗಾಳಿಸಿದ ನೀರಿನಿಂದಲೇ ತೊಳೆದು, ತೊಳೆದ ನೀರನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಕಣ್ಣಿಗೆ ಕಾಣದ ಜೀವಗಳು ಅರಿವೆಯಲ್ಲಿ ಉಳಿದಿರುತ್ತವೆ, ಅವು ತಮ್ಮ ಮನೆಗೆ ಹಿಂದಿರುಗಬೇಕಲ್ಲ. ಹನ್ನೊಂದು ವರ್ಷ ದಿನಾ ಬೆಳಗ್ಗೆ ಅತ್ತೆ ಇದನ್ನು ಮಾಡಿದರು. ನಾನೂ ಜೈನರ ಮಗಳೇ, ಆದರೆ ನಮ್ಮ ತವರಲ್ಲಿ ನಳದ ಬಾಯಿಗೆ ಅರಿವೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. ಅತ್ತೆಯ ಶಿಸ್ತು ನೋಡಿ ಮೊದಲು ನಗು ಬರುತ್ತಿತ್ತು, ಆಮೇಲೆ ಹೆಮ್ಮೆ ಬಂತು.

ಫೆಬ್ರವರಿಯಲ್ಲಿ ಕುಣಾಲ ಆ ಬಾವಿಯ ಮೇಲೆ ಕಾಂಕ್ರೀಟಿನ ಸ್ಲ್ಯಾಬ್ ಹಾಕಿಸಿದ. ‘ಅಪಾಯಕಾರಿ ಬಾವಿಗೆ ಸುರಕ್ಷಾ ಕವಚ’ ಎಂದು ಅಪ್‌ಡೇಟ್ ಬಂತು. ಆ ಬಾವಿಗೆ ಎದೆಮಟ್ಟದ ಕಟ್ಟೆ ಇತ್ತು, ನೂರು ವರ್ಷದಲ್ಲಿ ಒಂದು ಕೋಳಿಯೂ ಬಿದ್ದಿರಲಿಲ್ಲ. ಕಟ್ಟೆ ಒಡೆಸಿ, ಸ್ಲ್ಯಾಬ್ ಹಾಕಿಸಿ, ಅದರ ಮೇಲೆ ‘ನನ್ನ ವಾರ್ಡ್ ನನ್ನ ಹೆಮ್ಮೆ’ ಎಂದು ಆಳೆತ್ತರದ ಕಬ್ಬಿಣದ ಅಕ್ಷರ ನಿಲ್ಲಿಸಿದ. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಬೇಕಂತೆ. ಮೊದಲ ಸೆಲ್ಫಿ ಅವನದೇ, ಕೊನೆಯದೂ ಅವನದೇ.

ಸ್ಲ್ಯಾಬ್ ಹಾಕುವ ಮುಂಚೆಯೇ ಅತ್ತೆ ಅವನ ಬಳಿ ಹೋಗಿದ್ದರು. ಕೊಡ ಇಳಿಯುವಷ್ಟು, ಎರಡು ಫೂಟಿನ ಕಿಂಡಿ ಬಿಡು, ಕಬ್ಬಿಣದ ಬಾಗಿಲು ಹಾಕು ಎಂದು ಕೇಳಿದ್ದರು. ಕುಣಾಲ ಬಗ್ಗಿ ಅವರ ಕಾಲು ಮುಟ್ಟಿ, "ಆಯಿ, ನೀವ ಹೇಳೂದು ಹೆಚ್ಚೋ ನಾ ಮಾಡೂದು ಹೆಚ್ಚೋ" ಎಂದಿದ್ದ. ಆ ಬಗ್ಗಿದ ಫೋಟೋ ಸಂಜೆಯೊಳಗೆ ವಾಟ್ಸಾಪಿಗೆ ಬಂತು. ಕಿಂಡಿ ಮಾತ್ರ ಬರಲಿಲ್ಲ.

ಆದರೆ ಅಪ್‌ಡೇಟಿನಲ್ಲಿ ಕಿಂಡಿ ದಿನೇ ದಿನೇ ಬೆಳೆಯಿತು. ಮಾರ್ಚಿನಲ್ಲಿ ‘ಸಾರ್ವಜನಿಕರ ಬೇಡಿಕೆಯಂತೆ ಕಿಂಡಿ ಕಾಮಗಾರಿ ಶೇಕಡಾ ಐವತ್ತರಷ್ಟು ಮುಗಿದಿದೆ’ ಎಂದ. ಏಪ್ರಿಲಿನಲ್ಲಿ ಎಪ್ಪತ್ತೈದು. ನಾನು ಬಕೆಟ್ ಹಿಡಿದೇ ಸ್ಲ್ಯಾಬಿನ ಕಡೆ ನೋಡುತ್ತಿದ್ದೆ. ಒಂದು ಉಳಿಯ ಗುರುತೂ ಇರಲಿಲ್ಲ. ಮೇ ತಿಂಗಳಲ್ಲಿ ‘ಸ್ಟೀಲ್ ಬಾಗಿಲಿನೊಂದಿಗೆ ಕಿಂಡಿ ಲೋಕಾರ್ಪಣೆಗೊಂಡಿದೆ’ ಎಂದು ಗಾಡಿ ಕೂಗಿತು. ಅಂದು ಸಂಭಾಜಿ ಗಾಡಿಯಿಂದ ಇಳಿದು, ಸ್ಲ್ಯಾಬನ್ನು ಒಂದು ಸುತ್ತು ಹಾಕಿ ಬಂದ.

"ಏನ್ ಹುಡಕ್ತೀ ಸಂಭಾಜಿ ಮಾಮಾ?" ಎಂದು ಕೇಳಿದೆ.

"ಬಾಗಲಾ ವೈನಿ. ದಿನಾ ಎಂಟ ತಾಸ ಇದನ್ನ ಕೇಳ್ತೇನಿ, ಒಮ್ಮೆ ನೋಡೇರ ನೋಡೂಣು ಅಂತ."

ನಗುವ ವಿಷಯವಾಗಿರಲಿಲ್ಲ. ಅತ್ತೆ ಫೆಬ್ರವರಿಯಿಂದ ಬೇರೆ ಬಾವಿಯ ನೀರು ಕುಡಿಯುತ್ತಿದ್ದರು. ಊರ ಹೊರಗೆ ಮೂರು ಕಿಲೋಮೀಟರ್ ದೂರದ ಹೊಲದ ಬಾವಿ ಅದು, ತರುವವಳು ನಾನು. ಅಲ್ಲಿಯೇ ಸೇದಿ, ಅಲ್ಲಿಯೇ ಗಾಳಿಸಿ, ಅಲ್ಲಿಯೇ ಅರಿವೆ ತೊಳೆದು ಇಳಿಸಿ ಸ್ಕೂಟಿ ಹತ್ತಬೇಕು. ಗಾಳಿಸಿದ ನೀರಿಗೆ ನಲವತ್ತೆಂಟು ನಿಮಿಷದ ಅವಧಿ, ಅಷ್ಟರೊಳಗೆ ಮನೆಗೆ ತಂದು ಕುದಿಸಬೇಕು. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತರೆ ತಂದದ್ದೆಲ್ಲ ಗಿಡಕ್ಕೆ. ನನ್ನ ಮನೆಯವರು ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿ ಸಿಕ್ಕಿಕೊಂಡವರು, ಅವರಿಂದ ಆಗುತ್ತಿರಲಿಲ್ಲ. ದಿನಕ್ಕೆ ಒಂದೇ ಕೊಡ ತರಲು ನನ್ನಿಂದ ಸಾಧ್ಯ. ನಾನು ಬೆವರಿ ಬರುವುದನ್ನು ನೋಡಿ ಅತ್ತೆ ಆ ಒಂದು ಕೊಡವನ್ನೂ ಪೂರ್ತಿ ಕುಡಿಯುತ್ತಿರಲಿಲ್ಲ. ಕಡಿಮೆ ಕುಡಿದರೆ ಸೊಸೆ ನಾಳೆ ಹೋಗುವುದು ತಪ್ಪೀತು ಎಂಬ ಲೆಕ್ಕ ಅವರದು.

ಮೇ ಕೊನೆಯಲ್ಲಿ ಅವರ ಕಾಲು ಬಾತುಕೊಂಡವು. ಚಿಕ್ಕೋಡಿಯ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಕಿಡ್ನಿ ಕೈ ಕೊಡಾಕತ್ತಾವ. ಇವ್ರು ನೀರ ಸಾಕಷ್ಟ ಕುಡಿಯಾಕ ಬೇಕ. ಇಲ್ಲಾಂದ್ರ ಮುಂದಿನ ಸಲ ಡಯಾಲಿಸಿಸ್ ಮಷಿನ್‌ಗೆ ಹಚ್ಚೂದ ಆಗ್ತೈತಿ" ಎಂದರು. ದಾರಿಯಲ್ಲಿ ಬಸ್ಸಿನಲ್ಲಿ ನಾನು ಅತ್ತೆಯ ಕೈ ಹಿಡಿದುಕೊಂಡೆ.

"ಅತ್ತ್ಯಾರ, ಮಹಾರಾಜರಿಗೆ ಹೇಳಿ ನೇಮ ಬಿಡಾಕ ಬರಂಗಿಲ್ಲೇನ್ರಿ?"

"ನೇಮ ನನಗ ಭಾರ ಆಗಿಲ್ಲ ಅಪೂರ್ವಾ. ಸ್ಲ್ಯಾಬ್ ಭಾರ ಆಗೈತಿ" ಎಂದರು.

ಮೈಯೆಲ್ಲ ಉರಿಯಿತು. ಮರುದಿನ ಹೊಲಿಗೆ ಅರ್ಧಕ್ಕೆ ಬಿಟ್ಟು ಕುಣಾಲನ ‘ಜನಸಂಪರ್ಕ ಕಾರ್ಯಾಲಯ’ಕ್ಕೆ ಹೋದೆ. ಜನರೂ ಇರಲಿಲ್ಲ, ಸಂಪರ್ಕವೂ ಇರಲಿಲ್ಲ, ಏಸಿ ಇತ್ತು. ಕುಣಾಲ ತಿರುಗುವ ಕುರ್ಚಿಯಲ್ಲಿ ಕುಳಿತು ತನ್ನದೇ ಹಳೆಯ ಅಪ್‌ಡೇಟ್ ಕೇಳುತ್ತಿದ್ದ. ಮುಖದಲ್ಲಿ ಎಂಥ ತೃಪ್ತಿ ಅಂತೀರಿ!

"ಬರ್ರಿ ವೈನಿ, ಚಾ ಹೇಳ್ಲ್ಯಾ?"

"ಚಾ ಬ್ಯಾಡ್ರಿ ಮೆಂಬರ್ ಸಾಹೇಬ್ರ. ಕಿಂಡಿ ತೋರಸ್ರಿ."

"ಮುಗದೈತಲ್ರಿ. ಅಪ್‌ಡೇಟ್ ಕೇಳಿಲ್ಲೇನು?"

"ಕೇಳೇನ್ರಿ. ಕೊಡಾ ಇಳಸಾಕ ಹೋದ್ರ ಸಿಮೆಂಟ್ ತಾಗ್ತೈತಿ."

ಅವನು ಕುರ್ಚಿ ತಿರುಗಿಸಿದ. ನಾಚಿಕೆಪಟ್ಟನೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. "ನೋಡ್ರಿ ವೈನಿ, ಟೆಕ್ನಿಕಲ್ ಮಾತ ಐತಿ. ಕಾಗದದಾಗ ಕಿಂಡಿ ಪೂರ್ಣ ಆಗೇತಿ, ಸಹಿ ಬಿದ್ದೈತಿ. ಆಗಿದ್ದ ಕೆಲಸಾನ ಮತ್ತೊಮ್ಮೆ ಮಾಡಾಕ ಸರ್ಕಾರ ಒಪ್ಪೂದಿಲ್ಲ. ಈಗ ನಾ ಕಿಂಡಿ ಹೊಡಸಿದ್ರ, ಮೊದಲ ಕಿಂಡಿ ಎಲ್ಲಿ ಅಂತ ಕೇಳ್ತಾರ."

"ಅಂದ್ರ ಇಲ್ಲದ ಕಿಂಡಿ ಇರೂದ್ರಿಂದ, ಇರೂ ಕಿಂಡಿ ಆಗೂದಿಲ್ಲ?"

"ಕರೆಕ್ಟ್" ಎಂದ. ನಾನು ಅರ್ಥಮಾಡಿಕೊಂಡೆನೆಂದು ಅವನಿಗೆ ಖುಷಿಯಾಯಿತು. "ಆಯಿಗೆ ಆರ್.ಓ. ನೀರ ಕುಡಸ್ರಿ. ಬಾವಿಗಿಂತ ಶುದ್ಧ ಇರ್ತೈತಿ. ದೇವ್ರಿಗೇನ ಗೊತ್ತಾಗ್ತೈತಿ?"

ಹನ್ನೊಂದು ವರ್ಷದ ನೇಮವನ್ನು ಅವನು ಚಹಾದ ನೊಣದಂತೆ ಬೆರಳಿನಿಂದ ಎತ್ತಿ ಬಿಸಾಕಿದ. ನಾನು ಎದ್ದು ಬಂದೆ. ಬಾಗಿಲು ಜೋರಾಗಿ ಹಾಕಬೇಕೆಂದಿದ್ದೆ, ಅದು ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುವ ಗಾಜಿನ ಬಾಗಿಲು. ಆ ಸಿಟ್ಟನ್ನೂ ಮನೆಗೇ ತಂದೆ.

ಜೂನ್ ಎರಡನೇ ವಾರ ಒಬ್ಬ ಮುನಿ ಮಹಾರಾಜರು ಕೊಲ್ಹಾಪುರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬಂದರು. ನಮ್ಮ ಬಸದಿಯಲ್ಲಿ ನಾಲ್ಕು ದಿನ ಇರುವುದಾಗಿ ತಿಳಿಯಿತು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ಬೆಳಗ್ಗೆ, ನಿಂತುಕೊಂಡು, ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ನೀರೂ ಆ ಒಂದೇ ಸಲ. ನಡುವೆ ಏನಾದರೂ ಅಡ್ಡಿ ಬಂದರೆ ಕೈ ಬಿಟ್ಟು ಹೊರಡುತ್ತಾರೆ, ಮತ್ತೆ ಮರುದಿನವೇ. ಆ ಅಡುಗೆಗೂ ಕುಡಿಯಲೂ ಬಾವಿಯ ನೀರೇ ಆಗಬೇಕು. ಮೊದಲ ಎರಡು ದಿನ ಊರ ಆಚೆ ತುದಿಯ ಮನೆಗಳಲ್ಲಿ, ತಮ್ಮ ಹಿತ್ತಲಿನ ಬಾವಿ ಇದ್ದವರಲ್ಲಿ ಆಯಿತು. ಆ ಎರಡನೇ ದಿನವೇ ಕುಣಾಲನಿಗೆ ಭಕ್ತಿ ಉಕ್ಕಿತು.

ಸೋಮವಾರವಲ್ಲದಿದ್ದರೂ ಗಾಡಿ ಹೊಸ ಮಾತು ಹೇಳಿತು: "ಪೂಜ್ಯ ಮುನಿ ಮಹಾರಾಜರ ಆಹಾರದಾನ ನಾಳೆ ನಿಮ್ಮ ಕುಣಾಲನ ಮನೆಯಲ್ಲಿ. ನಮ್ಮ ವಾರ್ಡಿನ ಬಾವಿಯ ಪವಿತ್ರ ಜಲ, ನೂತನ ಕಿಂಡಿಯಿಂದ ಸೇದಿ ಅರ್ಪಣೆ. ನೇರ ಪ್ರಸಾರ ಇರುತ್ತದೆ." ಮುನಿಗಳು ಯಾರ ಬಾಗಿಲಲ್ಲಿ ನಿಲ್ಲುತ್ತಾರೆಂದು ಮೊದಲೇ ಯಾರೂ ಹೇಳಲಾಗದು. ಅದೂ ಇವನಿಗೆ ಗೊತ್ತು! ಸಂಭಾಜಿ ಸೌಂಡ್ ಕಡಿಮೆ ಮಾಡಿ, "ಬಾಯಿ ತಗದ್ರ ಕಿಂಡಿನ ಬರ್ತೈತಿ ಇವಂಗ" ಎಂದು ಗೊಣಗಿ ಮುಂದೆ ಹೋದ.

ಆ ಸಂಜೆ ಕುಣಾಲನ ತಾಯಿ ಕಸ್ತೂರೆವ್ವ ನಮ್ಮ ಮನೆಗೆ ಬಂದರು. ಒಳ್ಳೆಯ ಹೆಂಗಸು. ಇಂಥ ಹೊಟ್ಟೆಯಲ್ಲಿ ಅಂಥವನು ಹೇಗೆ ಹುಟ್ಟಿದನೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಿಂದಿನ ದಿನವೇ ನನ್ನಿಂದ ದಪ್ಪ ಬಿಳಿ ಅರಿವೆ ಕೊಯ್ಯಿಸಿ, ಅಂಚು ಹೊಲಿಸಿಕೊಂಡು ಹೋಗಿದ್ದರು, ನೀರು ಗಾಳಿಸಲು.

"ಸೋನಾಬಾಯಿ, ನೀ ಬರಾಕ ಬೇಕವ್ವಾ. ಮೊದಲನೇ ಅಂಜಲಿ ನೀರ ನೀನ ಹಾಕು. ಈ ಓಣ್ಯಾಗ ನಿನ್ನಷ್ಟ ಶುದ್ಧ ಕೈ ಯಾರ್ದೂ ಇಲ್ಲ."

"ನೀರ ಎಲ್ಲಿಂದ ತರ್ತೀರಿ?" ಎಂದು ಅತ್ತೆ ಕೇಳಿದರು.

"ಕುಣಾಲ ನಸುಕಿನ್ಯಾಗ ಹೊಲದ ಬಾವಿಯಿಂದ ತರ್ತೇನಿ ಅಂದಾನ. ತಾನ ಗಾಳಸ್ತಾನಂತ."

ಗಾಡಿಯಲ್ಲಿ ವಾರ್ಡಿನ ಬಾವಿ, ಮನೆಯಲ್ಲಿ ಹೊಲದ ಬಾವಿ. ಒಂದೇ ನೀರಿಗೆ ಎರಡು ಊರು. ನನಗೆ ಅಲ್ಲೇ ಅನುಮಾನ ಬಂತು, ಆದರೆ ಕಸ್ತೂರೆವ್ವನ ಮುಖ ನೋಡಿ ಬಾಯಿ ಬಿಗಿಹಿಡಿದೆ.

ಮರುದಿನ ಒಂಬತ್ತೂವರೆಗೆ ನಾವಿಬ್ಬರೂ ಶುದ್ಧ ಸೀರೆಯುಟ್ಟು ಹೋದೆವು. ಬಾಗಿಲಲ್ಲಿ ರಂಗೋಲಿ. ಕುಣಾಲ ಬಿಳಿ ಪಂಚೆ ಉಟ್ಟು, ಕೈಯಲ್ಲಿ ಕಲಶ ಹಿಡಿದು ನಿಂತಿದ್ದ. ಕಿಟಕಿಯಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದ, ನೇರ ಪ್ರಸಾರ ನಡೆದಿತ್ತು. ಬಸದಿಯ ಹಿರಿಯರೂ ಓಣಿಯ ಹೆಂಗಸರೂ ಸೇರಿ ನಲವತ್ತು ಜನ. ಮಹಾರಾಜರು ಓಣಿಯಲ್ಲಿ ಮೌನವಾಗಿ ನಡೆದು ಬಂದರು. "ನಮೋಸ್ತು ನಮೋಸ್ತು, ತಿಷ್ಠ ತಿಷ್ಠ" ಎಂದು ಮನೆ ಮನೆಯ ಬಾಗಿಲಲ್ಲಿ ಜನ ಕರೆದರು. ಇಂಥದು ಕಂಡಲ್ಲೇ ನಿಲ್ಲುವೆನೆಂದು ಮಹಾರಾಜರು ಮನಸ್ಸಿನಲ್ಲಿ ಯಾವ ಗುರುತು ಇಟ್ಟುಕೊಂಡಿದ್ದರೋ, ನಿಂತದ್ದು ಕುಣಾಲನ ಎದುರಿಗೆ. ಕುಣಾಲ ಅವರ ಕಡೆಗಿಂತ ಮೊದಲು ಫೋನಿನ ಕಡೆ ನೋಡಿದ.

ಒಳಗೆ ಹೋಗುವಾಗ ಅಡುಗೆಮನೆಯ ಬಾಗಿಲ ಗೂಟಕ್ಕೆ ನಾನು ಹೊಲಿದ ಅರಿವೆ ತೂಗುತ್ತಿತ್ತು. ನಾನು ಬಟ್ಟೆಯ ಕೆಲಸದವಳು, ಕಣ್ಣು ತಾನಾಗಿಯೇ ಅಲ್ಲಿಗೆ ಹೋಯಿತು. ಅಂಗಡಿಯ ಗಂಜಿ ಹಾಗೇ ಇತ್ತು. ನಾನು ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಾಡಿದ್ದ ಗೆರೆಗಳೂ ಹಾಗೇ ಇದ್ದವು. ಒಂದು ಹನಿ ನೀರು ಬಿದ್ದಿದ್ದರೂ ಆ ಗೆರೆ ಉಳಿಯುವುದಿಲ್ಲ. ಅತ್ತೆಯೂ ನಿಂತರು. ಎರಡು ಬೆರಳಿನಿಂದ ಅರಿವೆಯ ಅಂಚು ಹಿಡಿದು ಉಜ್ಜಿದರು. ಆಮೇಲೆ ನನ್ನ ಮುಖ ನೋಡಿದರು.

ಮಹಾರಾಜರ ಪಾದ ತೊಳೆದದ್ದಾಯಿತು. ಅಡುಗೆಯನ್ನು ಪಾತ್ರೆ ಪಾತ್ರೆ ತೋರಿಸಿದ್ದಾಯಿತು. ಈಗ ಆಹಾರ ಕೊಡುವವರೆಲ್ಲ ಶುದ್ಧಿ ಹೇಳಬೇಕು. ಇದು ನಮ್ಮಲ್ಲಿ ಸಣ್ಣ ಮಾತಲ್ಲ. ಆ ಮಾತನ್ನು ನಂಬಿ ಮುನಿಗಳು ಕೈ ಜೋಡಿಸುತ್ತಾರೆ. ಕುಣಾಲ ಕೊರಳು ಸರಿಮಾಡಿಕೊಂಡು ಥೇಟ್ ಕಸದ ಗಾಡಿಯ ಧ್ವನಿಯಲ್ಲಿ ಕೂಗಿದ: "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಇದೆ ಸ್ವಾಮಿ!" ವಚನಶುದ್ಧಿ ಎನ್ನುವಾಗ ಅವನ ನಾಲಿಗೆ ತೊದಲುತ್ತದೇನೋ ಎಂದು ಕಿವಿಗೊಟ್ಟೆ. ಎಲ್ಲಿಯ ತೊದಲು! ಎಣ್ಣೆ ಹಚ್ಚಿದಂತೆ ಜಾರಿ ಬಂತು.

ಕಸ್ತೂರೆವ್ವ ನೀರಿನ ತಂಬಿಗೆಯನ್ನು ಅತ್ತೆಯ ಕೈಗೆ ಕೊಟ್ಟರು. ಮಹಾರಾಜರು ನಿಂತು ಅಂಗೈ ಜೋಡಿಸಿದರು. ಅತ್ತೆ ತಂಬಿಗೆ ಬಗ್ಗಿಸಲಿಲ್ಲ. ನನಗೆ ಅವರ ಸಂಕಟ ಗೊತ್ತಾಯಿತು. ಸುಮ್ಮನಿದ್ದರೆ ಸುಳ್ಳಿನ ನೀರು ಮುನಿಯ ಬಾಯಿಗೆ ಹೋಗುತ್ತದೆ. ಮಾತಾಡಿದರೆ ಮುನಿ ಇಪ್ಪತ್ತನಾಲ್ಕು ತಾಸು ಹನಿ ನೀರಿಲ್ಲದೆ ಇರಬೇಕಾಗುತ್ತದೆ, ಆ ಪಾಪ ತನ್ನ ತಲೆಗೆ. ನಾಲ್ಕು ತಿಂಗಳಿಂದ ಬಾಯಾರಿದವರಿಗೆ ಬಾಯಾರಿಕೆ ಎಂದರೇನೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಅತ್ತೆ ತಿರುಗಿ ಮೆಲ್ಲಗೆ ಕೇಳಿದರು, "ಕುಣಾಲ, ಇದು ಎಲ್ಲಿ ನೀರಪಾ?"

ಕುಣಾಲ ತಾಯಿಯನ್ನು ನೋಡಿದ, ಕಿಟಕಿಯ ಫೋನನ್ನು ನೋಡಿದ. ಫೋನೇ ಗೆದ್ದಿತು. "ನಮ್ಮ ವಾರ್ಡಿನ ಬಾವೀದು ಆಯಿ! ಹೊಸಾ ಕಿಂಡಿಯಿಂದ ಸೇದೇವಿ" ಎಂದ, ಎಲ್ಲರಿಗೂ ಕೇಳುವಂತೆ.

ಕಸ್ತೂರೆವ್ವನ ಮುಖ ಬಿಳಿಚಿತು. ಅತ್ತೆ ತಂಬಿಗೆಯನ್ನು ಮಣೆಯ ಮೇಲೆ ಇಟ್ಟು, ಮಹಾರಾಜರಿಗೆ ಕೈ ಮುಗಿದರು. "ಸ್ವಾಮಿ, ನನ್ನ ಮನಸ್ಸ ಶುದ್ಧ ಐತಿ, ಕಾಯಾ ಶುದ್ಧ ಐತಿ. ಈ ನೀರ ಶುದ್ಧ ಐತಿ ಅಂತ ಹೇಳಾಕ ನನ್ನ ಬಾಯಿ ಒಲ್ಲದು. ಬಾವಿಗೆ ಕಿಂಡೀನ ಇಲ್ಲ. ಗಾಳಸೂ ಅರಿವಿ ನೀರ ಕಂಡಿಲ್ಲ. ನನ್ನ ಕ್ಷಮಾ ಮಾಡ್ರಿ."

ಮಹಾರಾಜರು ಅವರನ್ನು ಒಂದು ಕ್ಷಣ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಜೋಡಿಸಿದ ಕೈ ಬಿಟ್ಟರು, ನವಿಲುಗರಿಯ ಪಿಂಛಿ ಎತ್ತಿ ಅತ್ತೆಗೆ ಆಶೀರ್ವಾದ ಮಾಡಿದರು, ಕಮಂಡಲು ತೆಗೆದುಕೊಂಡು ಬಂದ ದಾರಿಯಲ್ಲೇ ಬಸದಿಗೆ ಹೊರಟರು. ಇಷ್ಟೆಲ್ಲವೂ ನೇರ ಪ್ರಸಾರವಾಯಿತು. ಕುಣಾಲನ ಅಪ್‌ಡೇಟುಗಳಲ್ಲಿ ಒಂದೇ ಒಂದು ನಿಜ ಇದ್ದರೆ ಅದು ಇದೇ, ಅದನ್ನೂ ಹೇಳಿದ್ದು ಅವನಲ್ಲ.

ಮೊದಲು ಸಿಡಿದವನು ಕುಣಾಲ. "ಏನ್ ಆಯಿ ನೀವು! ಕ್ಯಾನ್ ನೀರ ಅದು, ಆರ್.ಓ.! ಬಾವಿ ನೀರಿಗಿಂತ ಶುದ್ಧ ಇತ್ತು" ಎಂದು ತಾನೇ ಒಪ್ಪಿಕೊಂಡ. ಫೋನ್ ಇನ್ನೂ ನಡೆದಿತ್ತು. ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿ ಒಳಗೆ ಹೋದರು. ಆದರೆ ಜನ ನೋಡಿ, ಬೈದದ್ದು ಕುಣಾಲನನ್ನಲ್ಲ. ಬಸದಿಯ ಹಿರಿಯರೊಬ್ಬರು ನಮ್ಮ ಅತ್ತೆಯ ಕಡೆ ಬೆರಳು ಮಾಡಿದರು. "ಮಹಾರಾಜರನ್ನ ಉಪವಾಸ ಕೆಡವಿದಿ. ಒಂದ ದಿನಾ ಬಾಯಿ ಮುಚಗೊಂಡ್ರ ಏನಾಗ್ತಿತ್ತು?" ಎಂದರು.

ನನ್ನ ತಾಳ್ಮೆ ತಪ್ಪಿತು. "ಕಾಕಾ, ನಾಲ್ಕ ತಿಂಗಳ ನೀವೆಲ್ಲಾ ಬಾಯಿ ಮುಚಗೊಂಡೀರಲ್ಲ, ಅದಕ್ಕ ಏನಾಗೇತಿ ಅಂತ ನೋಡ್ರಿ! ಕಿಂಡಿ ಇಲ್ಲಂತ ನಿಮಗ ಗೊತ್ತಿರಲಿಲ್ಲ? ದಿನಾ ಆ ಸ್ಲ್ಯಾಬಿನ ಮ್ಯಾಲ ಕುಂತ ಪೇಪರ್ ಓದ್ತೀರಿ!" ಅವರು ತಲೆ ತಗ್ಗಿಸಿದರು. ಅತ್ತೆ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು.

ಮನೆಗೆ ಬಂದು ಅತ್ತೆ ಚಾಪೆಯ ಮೇಲೆ ಕುಳಿತರು. ಬೆಳಗ್ಗೆ ನಾನು ತಂದು ಕುದಿಸಿದ ಕೊಡ ಹಾಗೇ ಇತ್ತು. ಲೋಟ ತುಂಬಿ ಕೊಟ್ಟೆ. ಮುಟ್ಟಲಿಲ್ಲ.

"ಅವ್ರು ನನ್ನ ಮಾತಿಂದ ಉಪವಾಸ ಅದಾರ. ನಾ ಹೆಂಗ ಕುಡೀಲಿ?"

"ಡಾಕ್ಟರ್ ಏನ್ ಹೇಳ್ಯಾರ ನೆನಪೈತೇನ್ರಿ?"

"ನಾಳೆ ಅವ್ರ ಆಹಾರ ಆದ ಮ್ಯಾಲ ಕುಡಿತೇನಿ."

ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಒಣಗಿ ಬಿರುಕು ಬಿಟ್ಟವು. ಬಾತ ಕಾಲನ್ನು ಮುಟ್ಟಿದರೆ ಬೆರಳ ಗುರುತು ಉಳಿಯುತ್ತಿತ್ತು. ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ನಾಳೆಯೂ ಓಣಿಯವರು ಹೀಗೇ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತು ಮಹಾರಾಜರಿಗೆ ಬಾವಿಯ ನೀರು ಸಿಗದಿದ್ದರೆ, ಈ ಮುದುಕಿ ನಾಳೆಯೂ ಲೋಟ ಮುಟ್ಟುವುದಿಲ್ಲ. ನಾನು ಹಿತ್ತಲಿನಿಂದ ಹಾರೆ ತೆಗೆದುಕೊಂಡು ಬಾವಿಗೆ ಹೋದೆ. ಹಾರೆಯ ಹೊಡೆತಕ್ಕೆ ಸ್ಲ್ಯಾಬಿನಿಂದ ಕಿಡಿ ಹಾರಿತು, ಅದಕ್ಕೇನೂ ಆಗಲಿಲ್ಲ. ಕಸದ ಗಾಡಿ ಬಂದು ನಿಂತಿತು. ಸಂಭಾಜಿ ಸೀಟಿನ ಹಿಂದಿನಿಂದ ದೊಡ್ಡ ಸುತ್ತಿಗೆ ತೆಗೆದ. ಗಟಾರದ ಕಲ್ಲು ಒಡೆಯಲು ಇಟ್ಟುಕೊಂಡಿದ್ದಂತೆ. ಗಟಾರದ ಕೆಲಸ ಎಂದೂ ಬರದೆ ಅದು ಹೊಸದಾಗಿಯೇ ಇತ್ತು.

"ಸರೀರಿ ವೈನಿ" ಎಂದು ಎರಡು ಏಟು ಹಾಕಿದ. ಸದ್ದು ಕೇಳಿ ಜನ ಬಂದರು. ಬೆಳಗ್ಗೆ ಬೆರಳು ಮಾಡಿದ್ದ ಹಿರಿಯರೂ ಬಂದು, ಟೊಪ್ಪಿಗೆ ತೆಗೆದಿಟ್ಟು ಹಾರೆ ಇಸಿದುಕೊಂಡರು. ಬೆವರಿನ ಜೊತೆಗೆ ಅವರ ಕಣ್ಣೂ ಒದ್ದೆಯಾಗಿದ್ದವು. ನಾನು ನೋಡದವಳಂತೆ ಇದ್ದೆ.

ಕುಣಾಲ ಓಡಿ ಬಂದ. "ಏ, ನಿಲ್ಲಸ್ರಿ! ಇದು ಪುರಸಭೆ ಆಸ್ತಿ! ಒಡದ್ರ ಪೊಲೀಸ್ ಕೇಸ್ ಆಗ್ತೈತಿ!"

ನಾನು ಬೆವರು ಒರೆಸಿಕೊಂಡು ಅವನ ಮುಂದೆ ನಿಂತೆ. "ಒಡ್ಯಾಕತ್ತಿಲ್ರಿ ಮೆಂಬರ್ ಸಾಹೇಬ್ರ. ಕಿಂಡಿ ಆಗೇತಿ ಅಂತ ನೀವ ಹೇಳೀರಿ, ಸಹಿ ಬಿದ್ದೈತಿ. ನಾವು ಅದನ್ನ ಹುಡಕಾಕತ್ತೇವಿ. ಕಂಪ್ಲೇಂಟ್ ಕೊಡಾಕ ಹೋಗ್ರಿ. ಕಿಂಡಿ ಇರಲಿಲ್ಲ, ಇವ್ರು ಹೊಸಾದ ಮಾಡಿದ್ರು ಅಂತ ಬರಸ್ರಿ."

ಕುಣಾಲ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಎರಡು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಕನ್ನಡವೂ ಬರಲಿಲ್ಲ, ಮರಾಠಿಯೂ ಬರಲಿಲ್ಲ. ಸಂಭಾಜಿ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ದಾದಾ, ಜರಾ ಸರೀರಿ, ಕಲ್ಲ ಸಿಡಿತಾವ" ಎಂದ. ಹೊತ್ತು ಮುಳುಗುವ ಮುಂಚೆ ಎರಡು ಫೂಟಿನ ಕಿಂಡಿ ಸಿಕ್ಕಿತು. ಕೆಳಗಿನಿಂದ ತಣ್ಣನೆಯ ಗಾಳಿ ಬಂತು. ಬಿದ್ದ ಚೂರುಗಳನ್ನು ಬುಟ್ಟಿ ಇಳಿಸಿ ಎತ್ತಿದರು, ಕದಡಿದ ನೀರು ತಿಳಿಯಾಗಲೆಂದು ಬಿಟ್ಟರು.

ಮರುದಿನ ಬೆಳಗ್ಗೆ ಅತ್ತೆ ನನ್ನ ಭುಜ ಹಿಡಿದು ಬಾವಿಗೆ ಬಂದರು. ಸೇದುವ ಶಕ್ತಿ ಇರಲಿಲ್ಲ, ನಾನು ಸೇದಿದೆ. ಹಗ್ಗದ ಇನ್ನೊಂದು ತುದಿ ಕಟ್ಟಲು ಕಂಬ ಬೇಕಿತ್ತು, ಕುಣಾಲನ ಕಬ್ಬಿಣದ ‘ಹೆಮ್ಮೆ’ ಉಪಯೋಗಕ್ಕೆ ಬಂತು. ಅತ್ತೆ ತಾವೇ ಗಾಳಿಸಿದರು, ಅರಿವೆ ತೊಳೆದರು, ಆ ನೀರನ್ನು ಸಣ್ಣ ಬಟ್ಟಲಿನಲ್ಲಿ ಇಳಿಸಿ ಬಾವಿಗೆ ಸೇರಿಸಿದರು. "ಹೋಗ್ರವ್ವಾ, ನಿಮ್ಮ ಮನೀಗೆ ಹೋಗ್ರಿ" ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. ಅಂದು ಅಡುಗೆ ನಮ್ಮ ಮನೆಯಲ್ಲಿ. ಕಸ್ತೂರೆವ್ವ ತಾವಾಗಿಯೇ ಬಂದು ರೊಟ್ಟಿ ಬಡಿದರು. ಮಹಾರಾಜರು ಓಣಿಯಲ್ಲಿ ಬಂದರು, ನಮ್ಮ ಬಾಗಿಲಲ್ಲಿ ನಿಂತರು. "ಜಲ ಶುದ್ಧ ಇದೆ ಸ್ವಾಮಿ" ಎನ್ನುವಾಗ ಅತ್ತೆಯ ಧ್ವನಿ ಒಡೆಯಿತು. ಮಹಾರಾಜರು ಏಳು ಅಂಜಲಿ ನೀರು ಕುಡಿದರು. ನಾನು ಎಣಿಸಿದೆ.

ಅವರು ಹೊರಟ ಮೇಲೆ ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊದಲ ಲೋಟ ಎತ್ತಿದರು. ಆಗಲೇ ಗಾಡಿ ಬಂತು.

"ಮಾತೆಯರೇ, ಬಂಧುಗಳೇ, ನಾನು ನಿಮ್ಮ ಕುಣಾಲ. ಕೊಟ್ಟ ಮಾತಿನಂತೆ ಏಳನೇ ವಾರ್ಡಿನ ಬಾವಿ ಕಿಂಡಿಯ ಎರಡನೇ ಹಂತ ನಿನ್ನೆ ಯಶಸ್ವಿಯಾಗಿ..."

ನಾನು ಕಸದ ಬಕೆಟ್ ಎತ್ತಿದೆ, ಗಾಡಿಯ ಕೂಗುವ ಭೋಂಗಾದ ಮೇಲೆ ಸುರಿಯುವುದೇ ಎಂದು. ಅತ್ತೆ ಕೈ ಅಡ್ಡ ಹಿಡಿದರು. ಲೋಟದ ನೀರನ್ನು ಒಂದೊಂದೇ ಗುಟುಕಾಗಿ, ಅವಸರವಿಲ್ಲದೆ, ಕೊನೆಯ ಹನಿಯತನಕ ಕುಡಿದರು. ಇನ್ನೊಂದು ಲೋಟ ತುಂಬಿಸಿಕೊಂಡರು. ಆಮೇಲೆ, ಜೀವಮಾನದಲ್ಲಿ ಯಾರಿಗೂ ಒಂದು ಕೆಟ್ಟ ಮಾತಾಡದ ಆ ಹೆಂಗಸು, ನನ್ನ ಕೈಯಿಂದ ಬಕೆಟ್ ತೆಗೆದುಕೊಂಡು ಗಾಡಿಯ ಹತ್ತಿರ ಹೋಗಿ ಸಂಭಾಜಿಯನ್ನು ಕೇಳಿದರು:

"ಸಂಭಾಜಿ, ಹಸಿ ಕಸ ಹಸರ ಡಬ್ಬ್ಯಾಗ, ಒಣ ಕಸ ನೀಲಿ ಡಬ್ಬ್ಯಾಗ ಹಾಕಂತೀರಿ. ಈ ಮಾತನ್ನ ಯಾವ ಡಬ್ಬ್ಯಾಗ ಹಾಕ್ಲೆಪಾ?"